ಮಜ್ಜೆಯ ಮರೆಯಲ್ಲಿ ಉಳಿದ ಕೋಶಗಳು

ಅಮೆರಿಕದ ಮೆಂಫಿಸ್ ನಗರದಲ್ಲಿ 1962ರಲ್ಲಿ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆ ಬಾಗಿಲು ತೆರೆಯಿತು. ಮಕ್ಕಳಿಗೆ ಬರುವ ತೀವ್ರ ಲ್ಯುಕೇಮಿಯಾಕ್ಕೆ ಆಗ ಮದ್ದೇ ಇರಲಿಲ್ಲ ಎನ್ನುವಂತಿಲ್ಲ. ಮೆಥೊಟ್ರೆಕ್ಸೇಟ್ ಇತ್ತು, ಪ್ರೆಡ್ನಿಸೋನ್ ಇತ್ತು, ಮರ್ಕ್ಯಾಪ್ಟೊಪ್ಯುರಿನ್ ಇತ್ತು. ಕೊಟ್ಟ ಕೆಲವೇ ವಾರಗಳಲ್ಲಿ ಹಾಸಿಗೆ ಹಿಡಿದಿದ್ದ ಮಗು ಎದ್ದು ಓಡಾಡುತ್ತಿತ್ತು. ರಕ್ತ ಪರೀಕ್ಷೆ ಚೆನ್ನಾಗಿ ಬರುತ್ತಿತ್ತು. ಎಲುಬಿಗೆ ಸೂಜಿ ಹಾಕಿ ತೆಗೆದ ಮಜ್ಜೆಯಲ್ಲೂ ಕೆಟ್ಟ ಕೋಶ ಕಾಣುತ್ತಿರಲಿಲ್ಲ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ತಲೆನೋವು, ವಾಂತಿ ಶುರುವಾಗುತ್ತಿತ್ತು. ಬೆನ್ನುಹುರಿಯ ಸುತ್ತಲಿನ ದ್ರವ ತೆಗೆದು ನೋಡಿದರೆ ಅಲ್ಲಿ ಲ್ಯುಕೇಮಿಯಾ ಇರುತ್ತಿತ್ತು.

ಆಸ್ಪತ್ರೆಯ ಮೊದಲ ನಿರ್ದೇಶಕ ಡೊನಾಲ್ಡ್ ಪಿಂಕೆಲ್ ಅವರ ತರ್ಕ ನೇರವಾಗಿತ್ತು. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆ ಇದೆ, ಬಹುತೇಕ ಮದ್ದುಗಳು ಅದನ್ನು ದಾಟುವುದಿಲ್ಲ. ಉಳಿದೆಡೆ ಸಾಯುವ ಕೋಶಗಳು ಅಲ್ಲಿ ಮಾತ್ರ ಬದುಕಿಕೊಳ್ಳುತ್ತವೆ. ಅಂದಮೇಲೆ ತಲೆನೋವು ಬರುವವರೆಗೆ ಕಾಯುವುದೇಕೆ? ಮಗು ಚೆನ್ನಾಗಿರುವಾಗಲೇ ತಲೆಗೆ ವಿಕಿರಣ ಕೊಟ್ಟು, ಬೆನ್ನುಹುರಿಯ ದ್ರವಕ್ಕೆ ನೇರವಾಗಿ ಮೆಥೊಟ್ರೆಕ್ಸೇಟ್ ಚುಚ್ಚಿದರೆ ಹೇಗೆ? 1967-68ರಲ್ಲಿ ನಡೆದ ಐದನೆಯ ಸುತ್ತಿನ ಪ್ರಯೋಗದಲ್ಲಿ ಹಾಗೆಯೇ ಮಾಡಿದರು. ಚಿಕಿತ್ಸೆ ಪಡೆದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಬದುಕಿ ದೊಡ್ಡವರಾದರು. ಲ್ಯುಕೇಮಿಯಾದ ವಿಷಯದಲ್ಲಿ ‘ವಾಸಿ’ ಎಂಬ ಮಾತನ್ನು ವೈದ್ಯರು ಧೈರ್ಯವಾಗಿ ಆಡತೊಡಗಿದ್ದು ಆಮೇಲೆ.

ಕ್ಯಾನ್ಸರ್ ಕೋಶ ಎಂಥದ್ದು ಎಂಬುದರಷ್ಟೇ ಅದು ಎಲ್ಲಿ ಕೂತಿದೆ ಎಂಬುದೂ ಮುಖ್ಯ ಎಂದು ಮೆಂಫಿಸ್ ತೋರಿಸಿಕೊಟ್ಟಿತು. ಆದರೆ ಆ ಪಾಠವನ್ನು ಲೋಕ ಅರ್ಧವಷ್ಟೇ ಕಲಿಯಿತು ಎಂದು ನನಗನಿಸುತ್ತದೆ. ಆಶ್ರಯ ಎಂದರೆ ಮದ್ದು ತಲುಪದ ಜಾಗ ಎಂದಷ್ಟೇ ಎಲ್ಲರೂ ತಿಳಿದರು. ಮಿದುಳು, ಗಂಡುಮಕ್ಕಳಲ್ಲಿ ವೃಷಣ, ಇವು ಅಂಥ ಜಾಗಗಳು. ಮಜ್ಜೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅದು ರಕ್ತನಾಳಗಳಿಂದ ತುಂಬಿದ ಅಂಗ, ಸಿರೆಗೆ ಕೊಟ್ಟ ಮದ್ದು ಕ್ಷಣಮಾತ್ರದಲ್ಲಿ ಅಲ್ಲಿರುತ್ತದೆ. ಮದ್ದು ತಲುಪಿದ ಮೇಲೂ ಕೋಶ ಸಾಯದೆ ಉಳಿಯುವ ಜಾಗವೊಂದು ಇರಬಹುದು, ಅದು ರೋಗ ಹುಟ್ಟುವ ಮಜ್ಜೆಯೇ ಆಗಿರಬಹುದು ಎಂಬ ಯೋಚನೆ ಪ್ರಯೋಗಾಲಯದ ಪುರಾವೆಯೊಂದಿಗೆ ಬರಲು ಮತ್ತೆ ಮೂವತ್ತು ವರ್ಷ ಹಿಡಿಯಿತು.

ರಕ್ತ ಮಜ್ಜೆಯಲ್ಲಿ ಹುಟ್ಟುತ್ತದೆ ಎಂಬುದೇ ಬಹಳ ಹಳೆಯ ಜ್ಞಾನವಲ್ಲ. ಕೋನಿಗ್ಸ್‌ಬರ್ಗ್‌ನ ಅರ್ನ್ಸ್ಟ್ ನೋಯ್ಮನ್ ಮತ್ತು ಇಟಲಿಯ ಜೂಲಿಯೊ ಬಿಝೊಝೆರೊ 1868ರಲ್ಲಿ ಅದನ್ನು ಬೇರೆ ಬೇರೆಯಾಗಿ ತೋರಿಸಿದರು. ಅದಕ್ಕೆ ಇಪ್ಪತ್ತು ವರ್ಷ ಮೊದಲೇ ರುಡಾಲ್ಫ್ ವಿರ್ಖೊ ಲ್ಯುಕೇಮಿಯಾಕ್ಕೆ ಹೆಸರಿಟ್ಟಾಗಿತ್ತು. ಅಂದರೆ ರೋಗಕ್ಕೆ ಹೆಸರು ಬಂದದ್ದು ಮೊದಲು, ಅದರ ತವರು ಗೊತ್ತಾದದ್ದು ಆಮೇಲೆ.

ಮದ್ದಿನ ಕತೆ ಬೋಸ್ಟನ್‌ನಲ್ಲಿ ಆರಂಭವಾಗುತ್ತದೆ. ಮಕ್ಕಳ ರೋಗಶಾಸ್ತ್ರಜ್ಞ ಸಿಡ್ನಿ ಫಾರ್ಬರ್ 1948ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಮಿನೊಪ್ಟೆರಿನ್ ಪಡೆದ 16 ಮಕ್ಕಳ ಪೈಕಿ 10 ಮಂದಿ ಚೇತರಿಸಿಕೊಂಡಿದ್ದರು. ಆ ಮದ್ದು ಲೆಡರ್ಲೆ ಪ್ರಯೋಗಾಲಯದಿಂದ ಬಂದದ್ದು. ಅಲ್ಲಿನ ಸಂಶೋಧನೆಯ ಮುಖ್ಯಸ್ಥರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಮದ್ರಾಸಿನಲ್ಲಿ ವೈದ್ಯಕೀಯ ಓದಿದ ಯೆಲ್ಲಾಪ್ರಗಡ ಸುಬ್ಬರಾವ್. ವರದಿ ಹೊರಬಂದ ವರ್ಷವೇ ಅವರು ತೀರಿಕೊಂಡರು. ಆ ಮಕ್ಕಳ ಚೇತರಿಕೆಯೂ ತಿಂಗಳುಗಳ ಮಟ್ಟಿಗಷ್ಟೇ. ರೋಗ ಮರಳಿ ಬಂತು, ಬಂದಾಗ ಅದೇ ಮದ್ದಿಗೆ ಬಗ್ಗಲಿಲ್ಲ.

ಯಾಕೆ ಮರಳಿ ಬರುತ್ತದೆ? ಅಲಬಾಮಾದ ಹೊವರ್ಡ್ ಸ್ಕಿಪ್ಪರ್ 1960ರ ದಶಕದಲ್ಲಿ ಇಲಿಗಳ ಲ್ಯುಕೇಮಿಯಾವನ್ನು ಲೆಕ್ಕ ಹಾಕಿ ಉತ್ತರಿಸಿದರು. ಒಂದೇ ಒಂದು ಲ್ಯುಕೇಮಿಯಾ ಕೋಶ ಇಲಿಯನ್ನು ಕೊಲ್ಲಬಲ್ಲದು. ಪ್ರತಿ ಸಲ ಕೊಟ್ಟ ಮದ್ದು ಇರುವ ಕೋಶಗಳಲ್ಲಿ ಒಂದು ನಿಗದಿತ ಪಾಲನ್ನು ಮಾತ್ರ ಕೊಲ್ಲುತ್ತದೆ. ಆದ್ದರಿಂದ ಕೊನೆಯ ಕೋಶ ಸಾಯುವವರೆಗೂ ಕೊಡುತ್ತ ಹೋಗಬೇಕು. ಪಿಂಕೆಲ್ ಅವರಂಥವರಿಗೆ ಬಲ ತುಂಬಿದ್ದು ಇದೇ ಲೆಕ್ಕ. ಆದರೆ ಈ ಲೆಕ್ಕದಲ್ಲಿ ಎಲ್ಲ ಕೋಶಗಳೂ ಒಂದೇ. ಮಜ್ಜೆಯ ಮೂಲೆಯಲ್ಲಿ ಅಂಟಿಕೊಂಡು ಕೂತದ್ದಕ್ಕೂ ರಕ್ತದಲ್ಲಿ ತೇಲುವುದಕ್ಕೂ ವ್ಯತ್ಯಾಸವಿಲ್ಲ.

1976ರಲ್ಲಿ ಟೊರಾಂಟೊದಲ್ಲಿ ರುಡಾಲ್ಫ್ ಜೂಲಿಯಾನೊ ಮತ್ತು ವಿಕ್ಟರ್ ಲಿಂಗ್ ಮದ್ದಿಗೆ ಬಗ್ಗದ ಕೋಶಗಳ ಪೊರೆಯ ಮೇಲೆ ಒಂದು ದೊಡ್ಡ ಪ್ರೋಟೀನನ್ನು ಕಂಡರು. ಒಳಬಂದ ಮದ್ದನ್ನು ಹೊರಗೆ ತಳ್ಳುವ ಪಂಪು ಅದು ಎಂದು ಮುಂದೆ ಸ್ಪಷ್ಟವಾಯಿತು. ಪಿ-ಗ್ಲೈಕೊಪ್ರೋಟೀನ್ ಎಂಬ ಈ ಪಂಪು ಎರಡು ದಶಕ ಕ್ಯಾನ್ಸರ್ ಸಂಶೋಧನೆಯನ್ನು ಆಳಿತು. ತಕಾಶಿ ತ್ಸುರುವೊ ಅವರ ಜಪಾನಿ ತಂಡ 1981ರಲ್ಲಿ ಹೃದಯರೋಗದ ಹಳೆಯ ಮದ್ದು ವೆರಾಪಮಿಲ್ ಕೊಟ್ಟರೆ ಪಂಪಿನ ಕೆಲಸ ಕೆಡುತ್ತದೆ ಎಂದು ತೋರಿಸಿದ್ದೇ ತಡ, ಆಸ್ಪತ್ರೆಗಳಲ್ಲಿ ಪ್ರಯೋಗಗಳ ಸಾಲೇ ಹೊರಟಿತು.

ಅದೇ ವರ್ಷಗಳಲ್ಲಿ ಮ್ಯಾಂಚೆಸ್ಟರ್‌ನ ಪ್ಯಾಟರ್ಸನ್ ಪ್ರಯೋಗಾಲಯದಲ್ಲಿ ಬೇರೆಯದೇ ಕೆಲಸ ನಡೆಯುತ್ತಿತ್ತು. ಅವರಿಗೆ ಕ್ಯಾನ್ಸರ್ ಮುಖ್ಯ ಪ್ರಶ್ನೆಯಾಗಿರಲಿಲ್ಲ. ಆರೋಗ್ಯವಂತ ದೇಹದಲ್ಲಿ ರಕ್ತ ಜೀವನಪೂರ್ತಿ ಹೇಗೆ ಹುಟ್ಟುತ್ತಲೇ ಇರುತ್ತದೆ ಎಂಬುದನ್ನು ಅವರು ಹುಡುಕುತ್ತಿದ್ದರು. ರಕ್ತದ ಎಲ್ಲ ಕೋಶಗಳಿಗೂ ಮೂಲವಾದ ಆಕರಕೋಶ ಇದೆ ಎಂಬುದಕ್ಕೆ ಟೊರಾಂಟೊದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ 1961ರಲ್ಲೇ ಪುರಾವೆ ಕೊಟ್ಟಿದ್ದರು. ವಿಕಿರಣದಿಂದ ಮಜ್ಜೆ ಕಳೆದುಕೊಂಡ ಇಲಿಗೆ ಬೇರೆ ಇಲಿಯ ಮಜ್ಜೆ ಚುಚ್ಚಿದರೆ, ಸುಮಾರು ಹತ್ತು ದಿನಕ್ಕೆ ಅದರ ಗುಲ್ಮದ ಮೇಲೆ ಗಂಟುಗಳು ಏಳುತ್ತವೆ. ಒಂದೊಂದು ಗಂಟೂ ಒಂದೊಂದು ಕೋಶದ ಸಂತಾನ. ಆದರೆ ಈ ಕೋಶಗಳನ್ನು ದೇಹದ ಹೊರಗೆ ಬೆಳೆಸಲು ಹೋದರೆ ಬೇಗನೆ ಸಾಯುತ್ತಿದ್ದವು. 1977ರಲ್ಲಿ ಮೈಕೆಲ್ ಡೆಕ್ಸ್ಟರ್ ಮತ್ತು ಸಂಗಡಿಗರು ಮ್ಯಾಂಚೆಸ್ಟರ್‌ನಲ್ಲಿ ಅವನ್ನು ತಿಂಗಳುಗಟ್ಟಲೆ ಉಳಿಸಿಕೊಂಡರು. ಅವರ ಗುಟ್ಟು ಶೀಸೆಯ ತಳದಲ್ಲಿತ್ತು. ಮೊದಲು ಅಲ್ಲಿ ಮಜ್ಜೆಯ ಆಸರೆಕೋಶಗಳ ಒಂದು ಪದರ ಹಬ್ಬಬೇಕು. ಇವು ತಾವೇ ರಕ್ತವಾಗುವುದಿಲ್ಲ, ರಕ್ತ ಹುಟ್ಟಿಸುವ ಕೋಶಗಳಿಗೆ ನೆಲೆ ಕೊಡುತ್ತವೆ, ಅಷ್ಟೇ. ಮಾಸ್ಕೋದಲ್ಲಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಇಂಥ ಕೋಶಗಳನ್ನು ಆಗಲೇ ಬೇರ್ಪಡಿಸಿ ಬೆಳೆಸಿದ್ದರು. ಆಸರೆಯ ಪದರ ಇದ್ದರೆ ರಕ್ತ ಹುಟ್ಟುತ್ತಿತ್ತು, ಇಲ್ಲದಿದ್ದರೆ ಇಲ್ಲ.

ಮರುವರ್ಷ ಅದೇ ಪ್ರಯೋಗಾಲಯದ ರೇ ಸ್ಕೋಫೀಲ್ಡ್ ಒಂದು ಊಹೆ ಮಂಡಿಸಿದರು. ಗುಲ್ಮದ ಗಂಟುಗಳನ್ನು ಹುಟ್ಟಿಸುವ ಕೋಶಗಳನ್ನು ಇಲಿಯಿಂದ ಇಲಿಗೆ ದಾಟಿಸುತ್ತ ಹೋದರೆ ಅವು ಸೋಲುತ್ತವೆ, ಮಜ್ಜೆಯಲ್ಲಿರುವ ಆಕರಕೋಶ ಮಾತ್ರ ಬಾಳಿನುದ್ದಕ್ಕೂ ಸೋಲುವುದಿಲ್ಲ. ಯಾಕೆ? ಆ ಶಕ್ತಿ ಕೋಶದ ಸ್ವಂತದ್ದಲ್ಲ ಎಂದರು ಸ್ಕೋಫೀಲ್ಡ್. ಮಜ್ಜೆಯಲ್ಲಿ ಬೇರೆ ಕೋಶಗಳ ಮಗ್ಗುಲಲ್ಲಿ ಒಂದು ನಿರ್ದಿಷ್ಟ ನೆಲೆ ಇದೆ, ಅಲ್ಲಿ ಕೂತಿರುವವರೆಗೆ ಕೋಶ ಆಕರಕೋಶವಾಗಿರುತ್ತದೆ, ಅಲ್ಲಿಂದ ಎದ್ದರೆ ಪಕ್ವವಾಗಿ ಕೊನೆಗೊಳ್ಳುತ್ತದೆ. ಕೈಯಲ್ಲಿ ಪುರಾವೆ ಕಡಿಮೆ ಇದ್ದಾಗ ಬರೆದ, ಸಣ್ಣ ಪತ್ರಿಕೆಯೊಂದರಲ್ಲಿ ಬಂದ ಈ ಲೇಖನ ಇಂದು ಆಕರಕೋಶ ಶಾಸ್ತ್ರದ ಮೂಲಪಾಠ. ಆದರೆ ಕ್ಯಾನ್ಸರ್ ವೈದ್ಯರಿಗೆ ಅದು ತಮ್ಮ ವಿಷಯ ಅನ್ನಿಸಲಿಲ್ಲ.

ಇದು ವಿಚಿತ್ರವೇ ಸರಿ. ಯಾಕೆಂದರೆ ಕ್ಯಾನ್ಸರ್ ಜಾಗ ನೋಡಿ ಬೇರೂರುತ್ತದೆ ಎಂಬ ಮಾತನ್ನು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಹೇಳಿದ್ದರು. ಸ್ತನ ಕ್ಯಾನ್ಸರಿನಿಂದ ಸತ್ತ 735 ಮಹಿಳೆಯರ ದಾಖಲೆ ತೆಗೆದು ನೋಡಿ, ರೋಗ ಕೆಲವೇ ಅಂಗಗಳಿಗೆ ಹರಡುವುದನ್ನು ಗುರುತಿಸಿ, ಬೀಜ ಎಲ್ಲೆಡೆ ಬಿದ್ದರೂ ಹದವಾದ ನೆಲದಲ್ಲಷ್ಟೇ ಮೊಳೆಯುತ್ತದೆ ಎಂದಿದ್ದರು. ಗಡ್ಡೆ ಕ್ಯಾನ್ಸರ್ ಅಧ್ಯಯನ ಮಾಡುವವರು 1970ರ ದಶಕದ ಹೊತ್ತಿಗೆ ಆ ಮಾತನ್ನು ಮತ್ತೆ ಎತ್ತಿಕೊಂಡರು. ರಕ್ತದ ಕ್ಯಾನ್ಸರ್ ಹರಿಯುವ ರೋಗ, ಅದಕ್ಕೆ ಎಂಥ ನೆಲ ಎಂಬ ಉಪೇಕ್ಷೆಯೇ ಬಹುಶಃ ಉಳಿದವರ ಕಣ್ಣು ಕಟ್ಟಿತು.

ಪಂಪಿನ ದಾರಿ, ನೆಲೆಯ ದಾರಿ ಎರಡೂ ಒಬ್ಬ ವೈದ್ಯನ ಕೆಲಸದಲ್ಲಿ ಬಂದು ಕೂಡಿದವು. ವಿಲಿಯಂ ಡಾಲ್ಟನ್ ಅರಿಝೋನಾದಲ್ಲಿ ಮೈಲೋಮಾ ರೋಗಿಗಳಿಗೆ ಚಿಕಿತ್ಸೆ ನೀಡುತ್ತಿದ್ದರು. ಪ್ರತಿಕಾಯಗಳನ್ನು ತಯಾರಿಸುವ ಪ್ಲಾಸ್ಮಾ ಕೋಶಗಳು ಕೆಟ್ಟು, ಮಜ್ಜೆಯಲ್ಲೇ ಬೀಡುಬಿಟ್ಟು, ಎಲುಬನ್ನು ತಿನ್ನುವ ರೋಗ ಮೈಲೋಮಾ. 1980ರ ದಶಕದಲ್ಲಿ ಡಾಲ್ಟನ್ ಕೂಡ ಪಂಪಿನ ಬೆನ್ನು ಹತ್ತಿದವರೇ. ಕಿಮೋಥೆರಪಿಯ ಜೊತೆ ವೆರಾಪಮಿಲ್ ಕೊಟ್ಟು ನೋಡಿದರು. ಕೆಲವರಲ್ಲಿ ಫಲ ಕಂಡಿತು. ಪಂಪನ್ನು ಪೂರ್ತಿ ನಿಲ್ಲಿಸುವಷ್ಟು ಕೊಟ್ಟರೆ ಹೃದಯಕ್ಕೂ ರಕ್ತದೊತ್ತಡಕ್ಕೂ ಪೆಟ್ಟು ಬೀಳುತ್ತಿತ್ತು. 1995ರಲ್ಲಿ ಪ್ರಕಟವಾದ ದೊಡ್ಡ ತುಲನಾತ್ಮಕ ಪ್ರಯೋಗದಲ್ಲಿ ವೆರಾಪಮಿಲ್ ಸೇರಿಸಿದವರಿಗೂ ಸೇರಿಸದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಆಮೇಲೆ ಬಂದ, ಹೃದಯಕ್ಕೆ ಪೆಟ್ಟು ಕೊಡದ ಪಂಪು ತಡೆಗಳೂ ಹೆಚ್ಚೇನೂ ಸಾಧಿಸಲಿಲ್ಲ. ಪಂಪು ಇದ್ದದ್ದು ನಿಜ, ಆದರೆ ರೋಗ ಉಳಿಯುವುದಕ್ಕೆ ಅದೊಂದೇ ಕಾರಣವಾಗಿರಲಿಲ್ಲ.

ಡಾಲ್ಟನ್ ಫ್ಲಾರಿಡಾದ ಟ್ಯಾಂಪಾ ನಗರದ ಮೊಫಿಟ್ ಕ್ಯಾನ್ಸರ್ ಕೇಂದ್ರಕ್ಕೆ ಹೋದ ಮೇಲೆ ಅವರ ತಂಡದ ಜೇಸನ್ ಡಾಮಿಯಾನೊ, ಲೋರಿ ಹೇಝಲ್‌ಹರ್ಸ್ಟ್ ಮತ್ತಿತರರು ಸರಳವಾದ ಒಂದು ಪ್ರಯೋಗ ಮಾಡಿದರು. ಮೈಲೋಮಾ ಕೋಶಗಳು ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ದ್ರವದಲ್ಲಿ ತೇಲುತ್ತ ಬೆಳೆಯುತ್ತವೆ. ಅರ್ಧ ಶತಮಾನ ಎಲ್ಲರೂ ಮದ್ದುಗಳನ್ನು ಪರೀಕ್ಷಿಸಿದ್ದೂ ಹೀಗೆ ತೇಲುವ ಕೋಶಗಳ ಮೇಲೆಯೇ. ಟ್ಯಾಂಪಾದವರು ತಟ್ಟೆಯ ತಳಕ್ಕೆ ಫೈಬ್ರೊನೆಕ್ಟಿನ್ ಲೇಪಿಸಿದರು. ಮಜ್ಜೆಯೊಳಗೆ ಕೋಶಗಳ ನಡುವಿನ ಜಾಗವನ್ನು ತುಂಬಿರುವ ಪ್ರೋಟೀನುಗಳಲ್ಲಿ ಅದೂ ಒಂದು. ಮೈಲೋಮಾ ಕೋಶಗಳು ತಮ್ಮ ಮೈಮೇಲಿನ ವಿಎಲ್‌ಎ-4 ಎಂಬ ಕೊಂಡಿಯಿಂದ ಅದಕ್ಕೆ ಅಂಟಿಕೊಂಡವು. ಆಮೇಲೆ ಡಾಕ್ಸೊರುಬಿಸಿನ್, ಮೆಲ್ಫಲಾನ್ ಎಂಬ ಮದ್ದುಗಳನ್ನು ಹಾಕಿದರು. ತೇಲುತ್ತಿದ್ದವುಗಳಿಗಿಂತ ಅಂಟಿಕೊಂಡವು ಹೆಚ್ಚಾಗಿ ಉಳಿದವು.

ಅಂಟಿಕೊಂಡ ಕೋಶದ ಒಳಗೆ ಮದ್ದು ಕಡಿಮೆ ಹೋಗಿತ್ತೇ ಎಂದು ಅಳೆದರು. ಇಲ್ಲ, ಅಷ್ಟೇ ಹೋಗಿತ್ತು. ಅಂದರೆ ಪಂಪಿನ ಕೆಲಸವಲ್ಲ. ಸಾವನ್ನು ತಡೆಯುವ, ಎಲ್ಲರಿಗೂ ಗೊತ್ತಿದ್ದ ಬಿಸಿಎಲ್-2 ಬಳಗದ ಪ್ರೋಟೀನುಗಳು ಹೆಚ್ಚಾಗಿದ್ದವೇ? ಅದೂ ಇಲ್ಲ. ಮದ್ದು ಒಳಗಿದೆ, ಕೋಶ ಬದುಕಿದೆ, ಹೊಸ ಜೀನ್ ಬದಲಾವಣೆ ಯಾವುದೂ ಬೇಕಾಗಿಲ್ಲ, ಅದು ಏನನ್ನೋ ಹಿಡಿದುಕೊಂಡಿದೆ ಎಂಬುದೊಂದೇ ವ್ಯತ್ಯಾಸ. 1999ರಲ್ಲಿ ‘ಬ್ಲಡ್’ ಪತ್ರಿಕೆಯಲ್ಲಿ ಬಂದ ಈ ವರದಿಯನ್ನೇ ನಾನು ಈ ಕತೆಯ ತಿರುವು ಎಂದು ಎಣಿಸುತ್ತೇನೆ. ಮದ್ದಿಗೆ ಬಗ್ಗದಿರುವುದು ಕೋಶ ಬಹುಕಾಲ ಹೋರಾಡಿ ಗಳಿಸುವ ಗುಣ ಎಂದೇ ಅಲ್ಲಿಯವರೆಗೆ ನಂಬಿಕೆ. ಈಗ ಗೊತ್ತಾದದ್ದು, ಮೊದಲ ದಿನ, ಮೊದಲ ಸೂಜಿಯ ಹೊತ್ತಿಗೇ ಕೆಲವು ಕೋಶಗಳಿಗೆ ಆ ರಕ್ಷಣೆ ಇರುತ್ತದೆ. ಹೀಗೆ ಬದುಕುಳಿದ ಕೋಶಗಳಿಗೆ ಜೀನ್ ಬದಲಾಯಿಸಿಕೊಂಡು ನಿಜವಾಗಿ ಗಟ್ಟಿಯಾಗಲು ಸಮಯ ಸಿಗುತ್ತದೆ.

ಅಲ್ಲಿಂದ ಮುಂದೆ ಮಜ್ಜೆ ಮಾಡುವ ಉಪಕಾರಗಳ ಪಟ್ಟಿ ಬೆಳೆಯುತ್ತಲೇ ಹೋಯಿತು. ಮೈಲೋಮಾ ಕೋಶ ತಾಗಿದೊಡನೆ ಆಸರೆಕೋಶ ಇಂಟರ್‌ಲ್ಯುಕಿನ್-6 ಸುರಿಸುತ್ತದೆ, ಅದು ಮೈಲೋಮಾವನ್ನು ಬೆಳೆಸುತ್ತದೆ ಎಂದು ಬೋಸ್ಟನ್ನಿನ ಕೆನೆತ್ ಆಂಡರ್ಸನ್ ಬಳಗ 1990ರ ದಶಕದಲ್ಲೇ ತೋರಿಸಿತ್ತು. 2007ರಲ್ಲಿ ಸೇಂಟ್ ಜೂಡ್‌ನ ಸಂಶೋಧಕರೇ ಇನ್ನೊಂದನ್ನು ಕಂಡರು. ಮಕ್ಕಳ ಲ್ಯುಕೇಮಿಯಾಕ್ಕೆ ಕೊಡುವ ಆಸ್ಪರಾಜಿನೇಸ್ ಎಂಬ ಮದ್ದು ಆಸ್ಪರಜಿನ್ ಎಂಬ ಅಮೈನೊ ಆಮ್ಲ ಸಿಗದಂತೆ ಮಾಡಿ ಕೋಶವನ್ನು ಕೊಲ್ಲುತ್ತದೆ. ಪ್ರಯೋಗಾಲಯದಲ್ಲಿ ಮಜ್ಜೆಯ ಆಸರೆಕೋಶಗಳು ಅದೇ ಆಸ್ಪರಜಿನ್ ತಯಾರಿಸಿ ಪಕ್ಕದ ಲ್ಯುಕೇಮಿಯಾ ಕೋಶಕ್ಕೆ ಒದಗಿಸುತ್ತಿದ್ದವು. 2016-17ರ ಹೊತ್ತಿಗೆ ಫ್ರಾನ್ಸ್ ಮತ್ತು ಇಂಗ್ಲೆಂಡಿನ ತಂಡಗಳು, ಆಸರೆಕೋಶಗಳು ತಮ್ಮ ಮೈಟೊಕಾಂಡ್ರಿಯಾಗಳನ್ನೇ ಲ್ಯುಕೇಮಿಯಾ ಕೋಶಕ್ಕೆ ದಾಟಿಸುತ್ತವೆ ಎಂದು ವರದಿ ಮಾಡಿದವು.

ಮಜ್ಜೆಗೆ ಕ್ಯಾನ್ಸರಿನ ಮೇಲೆ ಇಷ್ಟು ಮಮತೆ ಯಾಕೆ? ಉತ್ತರ ಸ್ಕೋಫೀಲ್ಡ್ ಅವರ ಹಳೆಯ ಲೇಖನದಲ್ಲೇ ಇತ್ತು. ಮಜ್ಜೆಯ ನಿಜವಾದ ಕೆಲಸವೇ ಆಕರಕೋಶಗಳನ್ನು ಕಾಯುವುದು. ಅವು ಸುಮ್ಮನೆ ಮಲಗಿರಬೇಕು, ಪದೇ ಪದೇ ಒಡೆದು ದಣಿಯಬಾರದು, ವಿಷ ತಾಗಿದರೂ ಸಾಯಬಾರದು. ಕಿಮೋಥೆರಪಿಯ ನಂತರ ರೋಗಿಯ ರಕ್ತ ಮತ್ತೆ ಹುಟ್ಟುವುದು ಈ ಕಾಪಿನಿಂದಲೇ. ಕಿಮೋ ಮದ್ದುಗಳಲ್ಲಿ ಹೆಚ್ಚಿನವು ಒಡೆಯುತ್ತಿರುವ ಕೋಶಗಳನ್ನು ಹುಡುಕಿ ಕೊಲ್ಲುವಂಥವು, ಮಲಗಿರುವುದು ಅವುಗಳ ಕಣ್ಣಿಗೆ ಬೀಳುವುದಿಲ್ಲ. ಲ್ಯುಕೇಮಿಯಾ ಕೋಶ ಇದೇ ವ್ಯವಸ್ಥೆಯೊಳಗೆ ನುಸುಳಿಕೊಳ್ಳುತ್ತದೆ. ಲ್ಯುಕೇಮಿಯಾಕ್ಕೂ ತನ್ನದೇ ಆಕರಕೋಶಗಳಿವೆ ಎಂದು ಟೊರಾಂಟೊದ ಜಾನ್ ಡಿಕ್ 1990ರ ದಶಕದಲ್ಲಿ ತೋರಿಸಿದ್ದರು. 2007ರಲ್ಲಿ ಜಪಾನಿನ ಫುಮಿಹಿಕೊ ಇಶಿಕಾವಾ ತಂಡ ಮನುಷ್ಯರ ಲ್ಯುಕೇಮಿಯಾವನ್ನು ಇಲಿಗಳಿಗೆ ಕಸಿ ಮಾಡಿ, ಸೈಟರಾಬಿನ್ ಕೊಟ್ಟು, ಉಳಿದವು ಎಲ್ಲಿವೆ ಎಂದು ಹುಡುಕಿತು. ಎಲುಬಿನ ಒಳಗೋಡೆಗೆ ಹತ್ತಿರದಲ್ಲಿ, ಬಹುಪಾಲು ಒಡೆಯದೆ ಮಲಗಿದ ಸ್ಥಿತಿಯಲ್ಲಿ, ಆಕರಕೋಶಗಳು ಸಿಕ್ಕವು.

ನಿಖರವಾದ ನೆಲೆ ಯಾವುದು ಎಂಬುದರ ಮೇಲೆ ಜಗಳ ಇನ್ನೂ ಮುಗಿದಿಲ್ಲ. 2003ರಲ್ಲಿ ಬೋಸ್ಟನ್ ಮತ್ತು ಕನ್ಸಾಸ್ ಸಿಟಿಯ ಎರಡು ತಂಡಗಳು ಎಲುಬು ಕಟ್ಟುವ ಆಸ್ಟಿಯೊಬ್ಲಾಸ್ಟ್ ಕೋಶಗಳೇ ಆಕರಕೋಶದ ನೆಲೆ ಎಂದವು. ಎರಡು ವರ್ಷದ ಬಳಿಕ ಮಿಶಿಗನ್ನಿನ ಶಾನ್ ಮಾರಿಸನ್, ಬಹಳಷ್ಟು ಆಕರಕೋಶಗಳು ರಕ್ತನಾಳಗಳ ಮಗ್ಗುಲಲ್ಲಿವೆ ಎಂದರು. ಈಗ ಹೆಚ್ಚಿನ ಬೆಂಬಲ ರಕ್ತನಾಳದ ಪಕ್ಷಕ್ಕಿದೆ. ಇಶಿಕಾವಾ ಚಿತ್ರಕ್ಕೂ ಎದುರುತ್ತರ ಬಂತು. ಲಂಡನ್ನಿನ ಕ್ರಿಸ್ಟಿನಾ ಲೊ ಚೆಲ್ಸೊ ತಂಡ 2016ರಲ್ಲಿ ಜೀವಂತ ಇಲಿಯ ತಲೆಬುರುಡೆಯ ಮಜ್ಜೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿತು. ಅಲ್ಲಿ ಟಿ-ಕೋಶ ಲ್ಯುಕೇಮಿಯಾದ ಬದುಕುಳಿದ ಕೋಶಗಳು ಒಂದು ಮೂಲೆಯಲ್ಲಿ ಅಡಗಿರಲಿಲ್ಲ, ಮೊದಲಿಗಿಂತ ಚುರುಕಾಗಿ ಓಡಾಡುತ್ತಿದ್ದವು. ಒಂದೊಂದು ರಕ್ತ ಕ್ಯಾನ್ಸರಿಗೂ ಬೇರೆ ಬೇರೆ ಆಶ್ರಯ ಎಂದು ಒಪ್ಪಿಕೊಳ್ಳುವುದೇ ಸದ್ಯಕ್ಕೆ ವಿವೇಕ. ವಿಎಲ್‌ಎ-4 ವಿಷಯದಲ್ಲಂತೂ ಫಲಿತಾಂಶಗಳು ನೇರವಾಗಿ ಡಿಕ್ಕಿ ಹೊಡೆದವು. ಆ ಕೊಂಡಿ ಇರುವ ಲ್ಯುಕೇಮಿಯಾ ರೋಗಿಗಳಲ್ಲಿ ರೋಗ ಹೆಚ್ಚು ಮರಳುತ್ತದೆ ಎಂದು 2003ರಲ್ಲಿ ಜಪಾನಿನಿಂದ ವರದಿ ಬಂದರೆ, ಅದು ಚೆನ್ನಾಗಿ ಕೆಲಸ ಮಾಡುವವರೇ ಹೆಚ್ಚು ಕಾಲ ಬದುಕುತ್ತಾರೆ ಎಂದು 2009ರಲ್ಲಿ ಅಮೆರಿಕದಿಂದ ಬಂತು.

ಇನ್ನು ಚಿಕಿತ್ಸೆಯ ಮಾತು. ಮಜ್ಜೆಯ ಆಶ್ರಯಕ್ಕೆ ಪೆಟ್ಟು ಕೊಟ್ಟ ಮದ್ದುಗಳಲ್ಲಿ ಗೆದ್ದವು ಬಹುಪಾಲು ಬೇರೆ ಬಾಗಿಲಿನಿಂದ ಒಳಗೆ ಬಂದವು, ಅದಕ್ಕೆಂದೇ ಯೋಜಿಸಿದವು ಎಡವಿದವು. ಹುಟ್ಟುವ ಮಕ್ಕಳ ಕೈಕಾಲು ಊನ ಮಾಡಿ ಕುಖ್ಯಾತವಾಗಿದ್ದ ಥಾಲಿಡೊಮೈಡನ್ನೇ ತೆಗೆದುಕೊಳ್ಳಿ. ಅದು ಹೊಸ ರಕ್ತನಾಳಗಳನ್ನು ತಡೆಯುತ್ತದೆ, ಮೈಲೋಮಾ ತುಂಬಿದ ಮಜ್ಜೆಯಲ್ಲಿ ರಕ್ತನಾಳಗಳು ಹೆಚ್ಚು, ಹಾಗಾಗಿ ಕೊಟ್ಟು ನೋಡೋಣ ಎಂದು ಅರ್ಕನ್ಸಾಸ್‌ನ ಬಾರ್ಟ್ ಬಾರ್ಲೊಗಿ ಮತ್ತು ಸೀಮಾ ಸಿಂಘಲ್ ತಂಡ ಹೊರಟಿತು. ಬೇರೆಲ್ಲ ಚಿಕಿತ್ಸೆ ಸೋತಿದ್ದ 84 ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಫಲ ಸಿಕ್ಕಿತು. 1999ರ ಆ ವರದಿಯಿಂದ ಮೈಲೋಮಾ ಚಿಕಿತ್ಸೆಯ ದಿಕ್ಕೇ ಬದಲಾಯಿತು. ರಕ್ತನಾಳದ ವಾದ ಮಾತ್ರ ಉಳಿಯಲಿಲ್ಲ. 2010ರಲ್ಲಿ ಜಪಾನಿನ ತಂಡ ಥಾಲಿಡೊಮೈಡ್ ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟುತ್ತದೆ ಎಂದು ಕಂಡಿತು. ಅದೇ ವರ್ಗದ ಮದ್ದುಗಳು ಸೆರೆಬ್ಲಾನ್ ಮೂಲಕ ಮೈಲೋಮಾ ಕೋಶಕ್ಕೆ ಬೇಕೇ ಬೇಕಾದ ಎರಡು ಪ್ರೋಟೀನುಗಳನ್ನು ನಾಶಪಡಿಸುತ್ತವೆ ಎಂದು 2014ರಲ್ಲಿ ಗೊತ್ತಾಯಿತು. ತಪ್ಪು ಕಾರಣಕ್ಕೆ ಕೊಟ್ಟ ಸರಿಯಾದ ಮದ್ದು!

ಪ್ಲೆರಿಕ್ಸಫೊರ್ ಹುಟ್ಟಿದ್ದು ಎಚ್‌ಐವಿಗಾಗಿ. ವೈರಸ್ ಕೋಶದೊಳಗೆ ಹೋಗಲು ಬಳಸುವ ಸಿಎಕ್ಸ್‌ಸಿಆರ್4 ಎಂಬ ಬಾಗಿಲನ್ನು ಅದು ಮುಚ್ಚುತ್ತಿತ್ತು. ಎಚ್‌ಐವಿಗೆ ಅದು ಕೆಲಸಕ್ಕೆ ಬರಲಿಲ್ಲ, ಆದರೆ ಪ್ರಯೋಗಕ್ಕೆ ಬಂದ ಸ್ವಯಂಸೇವಕರ ರಕ್ತದಲ್ಲಿ ಬಿಳಿ ರಕ್ತಕಣಗಳು ಇದ್ದಕ್ಕಿದ್ದಂತೆ ಏರಿದ್ದವು. ಆ ಸಿಎಕ್ಸ್‌ಸಿಆರ್4ರಿಂದಲೇ ಆಕರಕೋಶಗಳು ಮಜ್ಜೆಯನ್ನು ಹಿಡಿದುಕೊಂಡಿರುತ್ತವೆ. ಹಿಡಿತ ತಪ್ಪಿದೊಡನೆ ಅವು ರಕ್ತಕ್ಕೆ ಬಂದಿದ್ದವು. 2008ರ ಕೊನೆಗೆ ಕಸಿಗಾಗಿ ಆಕರಕೋಶ ಸಂಗ್ರಹಿಸಲು ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಲ್ಯುಕೇಮಿಯಾ ಕೋಶಗಳನ್ನೂ ಹೀಗೆಯೇ ಹೊರಗೆಳೆದು ಕಿಮೋ ಕೊಟ್ಟರೆ? ಸೇಂಟ್ ಲೂಯಿಸ್‌ನಲ್ಲಿ 52 ರೋಗಿಗಳ ಮೇಲೆ ಪ್ರಯತ್ನಿಸಿದಾಗ ಶೇಕಡಾ 46 ಮಂದಿಯಲ್ಲಿ ರೋಗ ಕಣ್ಮರೆಯಾಯಿತೆಂದು 2012ರಲ್ಲಿ ಬರೆದರು. ಹೋಲಿಸಲು ಎದುರು ಗುಂಪು ಇರಲಿಲ್ಲ. ಅದು ಇಂದಿಗೂ ಲ್ಯುಕೇಮಿಯಾದ ನಿತ್ಯದ ಮದ್ದಾಗಿಲ್ಲ.

ಇಬ್ರುಟಿನಿಬ್‌ನ ಕತೆ ಇನ್ನೂ ಸ್ವಾರಸ್ಯದ್ದು. ದೀರ್ಘಕಾಲಿಕ ಲಿಂಫೊಸೈಟಿಕ್ ಲ್ಯುಕೇಮಿಯಾದ ಕೋಶಗಳಿಗೆ ಬದುಕಲು ಸಂಕೇತ ಕೊಡುವ ಬಿಟಿಕೆ ಎಂಬ ಕಿಣ್ವವನ್ನು ತಡೆಯಲು ಅದನ್ನು ತಯಾರಿಸಿದ್ದರು. ಗುಳಿಗೆ ನುಂಗಿದ ರೋಗಿಗಳ ಗಂಟುಗಳು ಕರಗಿದವು, ಆದರೆ ರಕ್ತದಲ್ಲಿ ಕೆಟ್ಟ ಕೋಶಗಳ ಎಣಿಕೆ ಇಳಿಯುವ ಬದಲು ಏರಿತು. ಹಳೆಯ ಮಾನದಂಡದ ಪ್ರಕಾರ ರೋಗ ಉಲ್ಬಣಿಸಿದೆ ಎಂದು ಬರೆದು ಮದ್ದು ನಿಲ್ಲಿಸಬೇಕಿತ್ತು. ನಿಜದಲ್ಲಿ ಅವು ಲಿಂಫ್ ಗ್ರಂಥಿ, ಮಜ್ಜೆಗಳ ಆಶ್ರಯ ಕಳೆದುಕೊಂಡು ಹೊರಬಿದ್ದಿದ್ದವು. ಮರಳಿ ಅಂಟಿಕೊಳ್ಳಲಾಗದೆ ತಿಂಗಳುಗಳಲ್ಲಿ ರಕ್ತದಲ್ಲೇ ಕರಗಿಹೋಗುತ್ತಿದ್ದವು. ತಜ್ಞರು ಮಾನದಂಡವನ್ನೇ ತಿದ್ದಿದರು. 2014ರಲ್ಲಿ ಈ ರೋಗಕ್ಕೆ ಅನುಮತಿ ಸಿಕ್ಕ ಆ ಮದ್ದು, ಹೊರದಬ್ಬುವ ಉಪಾಯ ಮನುಷ್ಯರಲ್ಲಿ ಫಲಿಸುತ್ತದೆ ಎಂಬುದಕ್ಕೆ ಇರುವ ಬಲವಾದ ಸಾಕ್ಷಿ. ಅದನ್ನು ಯಾರೂ ಹಾಗೆಂದು ಯೋಜಿಸಿರಲಿಲ್ಲ.

ತೀವ್ರ ಮೈಲಾಯ್ಡ್ ಲ್ಯುಕೇಮಿಯಾ ಇಷ್ಟು ಸುಲಭವಾಗಿ ಬಿಟ್ಟುಕೊಡಲಿಲ್ಲ. ಸುಮಾರು ಮೂರನೇ ಒಂದು ಭಾಗ ರೋಗಿಗಳಲ್ಲಿ ಎಫ್‌ಎಲ್‌ಟಿ3 ಎಂಬ ಜೀನ್ ಕೆಟ್ಟಿರುತ್ತದೆ. ಅದನ್ನು ತಡೆಯುವ ಮದ್ದುಗಳು ಬಂದಾಗ ವೈದ್ಯರು ಪದೇ ಪದೇ ಒಂದನ್ನು ಕಂಡರು. ರಕ್ತದಿಂದ ಕೆಟ್ಟ ಕೋಶಗಳು ಬೇಗನೆ ಮಾಯವಾಗುತ್ತವೆ, ಮಜ್ಜೆಯಲ್ಲಿ ಮಾತ್ರ ಉಳಿದಿರುತ್ತವೆ. ಒಬ್ಬನೇ ರೋಗಿ, ಒಂದೇ ಮದ್ದು, ಅದೇ ಜೀನ್ ದೋಷ, ವ್ಯತ್ಯಾಸ ಜಾಗದ್ದು ಮಾತ್ರ. ಟ್ಯಾಂಪಾದ ತಟ್ಟೆಯಲ್ಲಿ ಕಂಡದ್ದೇ ಈಗ ರೋಗಿಯ ದೇಹದಲ್ಲಿ ಕಾಣಿಸುತ್ತಿತ್ತು.

ಈ ಎಲ್ಲ ತಿಳಿವಿನ ಮೇಲೆ ಕಟ್ಟಿದ ಮದ್ದು ಉಪ್ರೊಲೆಸೆಲಾನ್. ಮಜ್ಜೆಯ ರಕ್ತನಾಳಗಳ ಒಳಮೈಯಲ್ಲಿರುವ ಇ-ಸೆಲೆಕ್ಟಿನ್‌ಗೆ ಲ್ಯುಕೇಮಿಯಾ ಕೋಶ ಅಂಟದಂತೆ ತಡೆಯುವುದೇ ಅದರ ಕೆಲಸ. ಆರಂಭದ ಪ್ರಯೋಗಗಳು ಆಸೆ ಹುಟ್ಟಿಸಿದ್ದವು. ರೋಗ ಮರುಕಳಿಸಿದ ಅಥವಾ ಚಿಕಿತ್ಸೆಗೆ ಬಗ್ಗದ 388 ರೋಗಿಗಳ ಮೂರನೇ ಹಂತದ ಪ್ರಯೋಗದ ಫಲಿತಾಂಶ 2024ರ ಮೇ ತಿಂಗಳಲ್ಲಿ ಬಂತು. ಬದುಕುಳಿದ ಅವಧಿಯ ಮಧ್ಯಮ ಅಂಕ ಕಿಮೋ ಜೊತೆ ಈ ಮದ್ದು ಪಡೆದವರಲ್ಲಿ 13 ತಿಂಗಳು, ಕಿಮೋ ಮಾತ್ರ ಪಡೆದವರಲ್ಲಿ 12.3 ತಿಂಗಳು. ಮೊದಲ ಚಿಕಿತ್ಸೆಗೇ ಬಗ್ಗದ ರೋಗಿಗಳ ಉಪಗುಂಪಿಗೆ ಲಾಭವಾಗಿದೆ ಎಂಬ ವಾದ ಬಂತು. ಸೋತ ಪ್ರಯೋಗದೊಳಗಿನ ಉಪಗುಂಪುಗಳನ್ನು ನಂಬಿ ಮೋಸ ಹೋದ ಉದಾಹರಣೆಗಳು ಕ್ಯಾನ್ಸರ್ ವೈದ್ಯಕೀಯದಲ್ಲಿ ಬೇಕಾದಷ್ಟಿವೆ. ಒಂದು ಕೊಂಡಿ ಬಿಡಿಸಿದರೆ ಇನ್ನೊಂದಿದೆ, ಕೊಂಡಿಗಳೆಲ್ಲ ಬಿಡಿಸಿದರೂ ಮಲಗಿದ ಕೋಶ ಎಚ್ಚರವಾಗುತ್ತದೆ ಎಂಬ ಭರವಸೆ ಇಲ್ಲ. ಬಹಳ ಜೋರಾಗಿ ಅಲುಗಿಸಿದರೆ ರೋಗಿಯ ಒಳ್ಳೆಯ ಆಕರಕೋಶಗಳೂ ಅದೇ ಕಾಪನ್ನು ಕಳೆದುಕೊಳ್ಳುತ್ತವೆ.

ಹಾಗಾದರೆ ಮಜ್ಜೆಯನ್ನೇ ಬದಲಾಯಿಸಿದರಾಯಿತಲ್ಲ ಎಂದು ಕೇಳಬಹುದು. ಇ. ಡೊನಾಲ್ ಥಾಮಸ್ 1957ರಲ್ಲಿ ಮೊದಲ ಪ್ರಯತ್ನಗಳನ್ನು ವರದಿ ಮಾಡಿ, 1990ರಲ್ಲಿ ನೊಬೆಲ್ ಪಡೆದ ಮಜ್ಜೆ ಕಸಿ ಅದೇ ಅಲ್ಲವೇ? ಅಲ್ಲ. ದಾನಿಯಿಂದ ಬಂದು ನೆಲೆ ನಿಲ್ಲುವುದು ರಕ್ತ ಹುಟ್ಟಿಸುವ ಕೋಶಗಳು. ಅವು ಹೋಗಿ ಕೂರುವ ಆಸರೆಕೋಶಗಳು ಕಸಿಯ ಬಳಿಕವೂ ಬಹುಪಾಲು ರೋಗಿಯವೇ. ಕಸಿ ಗೆಲ್ಲುವುದು ಹೆಚ್ಚಾಗಿ ದಾನಿಯ ರೋಗನಿರೋಧಕ ಕೋಶಗಳು ಉಳಿದ ಲ್ಯುಕೇಮಿಯಾವನ್ನು ಹುಡುಕಿ ಕೊಲ್ಲುವುದರಿಂದ. ಅವುಗಳ ಕಣ್ಣು ತಪ್ಪಿದಾಗ ರೋಗ ಮರಳುತ್ತದೆ, ಕಸಿಯ ನಂತರದ ಸಾವಿಗೆ ಇಂದಿಗೂ ಅದೇ ಮುಖ್ಯ ಕಾರಣ.

ಮಜ್ಜೆ ರೋಗಕ್ಕೆ ಆಶ್ರಯ ಕೊಡುವುದಷ್ಟೇ ಅಲ್ಲ, ಅದನ್ನು ಹುಟ್ಟಿಸಲೂಬಹುದು ಎಂಬುದಕ್ಕೆ ಹಳೆಯ ಸುಳಿವೊಂದು 1971ರ ಸಿಯಾಟಲ್ ವರದಿಯಲ್ಲಿದೆ. ಲ್ಯುಕೇಮಿಯಾ ಇದ್ದ ಹುಡುಗಿಗೆ ಅಣ್ಣತಮ್ಮಂದಿರಲ್ಲಿ ಒಬ್ಬನ ಮಜ್ಜೆ ಕಸಿ ಮಾಡಿದ್ದರು. ಕೆಲಕಾಲದ ಮೇಲೆ ಲ್ಯುಕೇಮಿಯಾ ಮತ್ತೆ ಕಾಣಿಸಿತು. ಪರೀಕ್ಷಿಸಿದರೆ ಆ ಕೆಟ್ಟ ಕೋಶಗಳಲ್ಲಿ ವೈ ಕ್ರೋಮೋಸೋಮ್ ಇತ್ತು. ಅಂದರೆ ಮರಳಿದ್ದು ಅವಳ ಹಳೆಯ ರೋಗವಲ್ಲ, ದಾನಿಯ ಆರೋಗ್ಯವಂತ ಕೋಶಗಳೇ ಅವಳ ಎಲುಬಿನೊಳಗೆ ಹೋಗಿ ಲ್ಯುಕೇಮಿಯಾ ಆಗಿದ್ದವು. ಇಂಥವು ಅಪರೂಪ, ಆದರೆ ಆಮೇಲೂ ವರದಿಯಾಗುತ್ತಲೇ ಇವೆ. 2010ರಲ್ಲಿ ಬೋಸ್ಟನ್‌ನಲ್ಲಿ ಮಾರ್ಕ್ ರಾಯ್‌ಮೇಕರ್ಸ್ ಮತ್ತು ಡೇವಿಡ್ ಸ್ಕಾಡೆನ್ ಇಲಿಗಳಲ್ಲಿ ಎಲುಬು ಕಟ್ಟುವ ಎಳೆಯ ಕೋಶಗಳ ಒಂದೇ ಜೀನನ್ನು ಅಳಿಸಿ ಹಾಕಿದರು, ರಕ್ತಕೋಶಗಳನ್ನು ಮುಟ್ಟಲಿಲ್ಲ. ಆ ಇಲಿಗಳ ರಕ್ತ ಕೆಟ್ಟಿತು, ಕೆಲವಕ್ಕೆ ಲ್ಯುಕೇಮಿಯಾ ಬಂತು. ಉಳಿದ ಕೋಶಕ್ಕೆ ಆಶ್ರಯ ಕೊಡುವ ಮಜ್ಜೆಯೇ ಮನುಷ್ಯರಲ್ಲೂ ಮೊದಲ ಕೋಶವನ್ನು ಕೆಡಿಸುತ್ತದೆಯೇ, ಕೆಡಿಸಿದರೆ ಎಷ್ಟು ಮಂದಿಯಲ್ಲಿ ಎಂಬ ವಾದ ಈಗ ನಡೆಯುತ್ತಿದೆ.